ಕೆಂಪು ಅಂಕಿಗೆ ಹಂಚಿದ ಕರದಂಟು

ಬನಹಟ್ಟಿಯಲ್ಲಿರುವ ನನ್ನ ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ, ಸಣ್ಣ ಮಾತಿದ್ದರೆ ಫೋನು ಮಾಡುತ್ತಾಳೆ. ದೊಡ್ಡ ಮಾತಿದ್ದರೆ ಬಸ್ಸು ಹತ್ತಿ ಜಮಖಂಡಿಗೇ ಬಂದುಬಿಡುತ್ತಾಳೆ. ಆ ದಿನ ಅವಳು ಬಂದಾಗ ನಾನು ಅಂಗಳದಲ್ಲಿ ಅರಿವೆ ಒಣಹಾಕುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದಳು.

"ನಿನ್ನ ವೆಬ್‌ಸೈಟ್ ಹಸರ ಸೀರಿ ಕೇಳಿದವ್ರಿಗೆ ಬದ್ನಿಕಾಯಿ ಬಣ್ಣದ್ದು ಕೊಡಾಕತ್ತೈತಿ ಬೇ. ಇಲ್ಲಾ, ನಿನ್ನ ಕಾಕಾ ಕೊಡಾಕತ್ತಾರ. ಇಬ್ಬರೊಳಗ ಯಾರು ಅಂತ ನೀನ ಹೇಳಬೇಕು."

ಚಿಗವ್ವನ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮುಗಳಿವೆ. ಮುಂದಿನ ಕೋಣೆಯೇ ಸೀರೆಯ ಅಂಗಡಿ. ಮಗ್ಗದ ಕೆಲಸ ಕಾಕಾನದು, ಮಾರಾಟ ಚಿಗವ್ವನದು. ಮದುವೆಯಾದ ಹೊಸದರಿಂದಲೂ ಅವರಿಬ್ಬರ ನಡುವೆ ಹೀಗೇ ಹಂಚಿಕೆಯಾಗಿದೆ. ನಾನು ಜಮಖಂಡಿಯಲ್ಲಿ ಕೆಲವು ವರ್ಷ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದವಳು. ಗಂಡನಿಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವನು ಒಮ್ಮೆ ಬೆಳಿಗ್ಗೆ ಹೋದರೆ ಇನ್ನೊಮ್ಮೆ ಸಂಜೆ ಹೋಗುತ್ತಾನೆ. ಹಾಗಾಗಿ ಮನೆಯಲ್ಲೇ ಒಂದು ಕೋಣೆಯಲ್ಲಿ ಕುಳಿತು ಸುತ್ತಲಿನ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವ ಕೆಲಸ ಹಿಡಿದೆ. ಮೊದಮೊದಲು ಮಾಡಿದ್ದರಲ್ಲಿ ಚಿಗವ್ವನ ಸೀರೆ ಅಂಗಡಿಯದೂ ಒಂದು. ಅವಳ ಹಟ ಒಂದೇ ಇತ್ತು: ಮಂದಿ ಹೆಚ್ಚು ಒತ್ತಾಡಬಾರದು. ಸೀರೆಯ ಚಿತ್ರ ಕಾಣಬೇಕು, ಅದರ ಕೆಳಗೆ 'ಬೇಕು' ಅಂತ ಒಂದು ಗುಂಡಿ ಇರಬೇಕು, ಅದನ್ನು ಒತ್ತಿದರೆ ಮುಗಿಯಬೇಕು. ವಿಳಾಸ ಬರೆದು ಕಳಿಸಿದರೆ ಸೀರೆ ಮನೆಗೆ ಬರುತ್ತದೆ. ನಾನು ಹಾಗೆಯೇ ಮಾಡಿಕೊಟ್ಟಿದ್ದೆ. ಎರಡು ವರ್ಷ ಒಂದು ದೂರೂ ಇರಲಿಲ್ಲ.

ಈಗ ದೂರು ಬಂದಿತ್ತು, ಅದೂ ಸಾಲಾಗಿ. ಬೀಳಗಿಯ ಒಬ್ಬ ಶಿಕ್ಷಕಿ ಗಿಳಿ ಹಸಿರು ಸೀರೆ ಕೇಳಿದ್ದರು, ಬದನೆಕಾಯಿ ಬಣ್ಣದ್ದು ಹೋಗಿತ್ತು. ತೇರದಾಳದ ಒಂದು ಜೈನರ ಮನೆಯವರು ಬಿಳಿಯ ಮೇಲೆ ಕೆಂಪು ದಡಿ ಇದ್ದದ್ದನ್ನು ಪೂಜೆಗೆಂದು ಕೇಳಿದರೆ ಅಚ್ಚ ಕರಿಯ ಸೀರೆ ತಲುಪಿತ್ತು. ಅವರು ಒಳ್ಳೆಯ ಮಂದಿ, ನಕ್ಕು ಬದಲಿ ತೆಗೆದುಕೊಂಡರು. ಆದರೆ ಚಿಗವ್ವನಿಗೆ ನಗು ಬರಲಿಲ್ಲ. ಸೀರೆ ಕಟ್ಟಿ ಕಳಿಸುವವರು ಕಾಕಾ. ಅವಳು ಅವರನ್ನು ಕಟ್ಟುವ ಕೆಲಸದಿಂದ ಬಿಡಿಸಿ ಆ ಕೆಲಸ ತಾನೇ ಹಿಡಿದಳು. ಕಾಕಾ ಅಂದಿನಿಂದ ಮನೆಯ ಚಹಾ ಬಿಟ್ಟು, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಕುಡಿಯತೊಡಗಿದರು. ಬನಹಟ್ಟಿಯಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಬೇಕಾಗಿರಲಿಲ್ಲ. ಕೇಳಿದವರಿಗೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು: "ಮನ್ಯಾಗ ನನ್ನ ಕಣ್ಣಿನ ಮ್ಯಾಲ ನಂಬಿಕಿ ಇಲ್ಲ."

ಕೆಲಸ ಚಿಗವ್ವನ ಕೈಗೆ ಬಂದ ಮೇಲೂ ಒಂದು ಸೀರೆ ತಪ್ಪಿ ಹೋಯಿತು. ಅದಕ್ಕೇ ಅವಳು ಬಸ್ಸು ಹತ್ತಿದ್ದು.

ನಾನು ಅವಳನ್ನು ಕೂಡಿಸಿ, ಲ್ಯಾಪ್‌ಟಾಪ್ ತೆಗೆದು ಅಂಗಡಿಯ ಪುಟ ತೆರೆದೆ. ರಪ್ಪನೆ ಬಂತು. ಹಸಿರು ಸೀರೆಯ ಕೆಳಗಿನ ಗುಂಡಿ ಒತ್ತಿದೆ. ಪುಟದ ಬುಟ್ಟಿಗೆ, ಎಂದರೆ ಕೊಳ್ಳುವ ಪಟ್ಟಿಗೆ, ಹಸಿರು ಸೀರೆಯ ನಂಬರೇ ಬಿತ್ತು. ನನ್ನ ಫೋನಿನಲ್ಲಿ ಮಾಡಿದೆ, ಅದೇ. ಚಿಗವ್ವ ಕನ್ನಡಕ ಏರಿಸಿ ನೋಡುತ್ತಿದ್ದಳು.

"ಇಲ್ಲಿ ಎಲ್ಲಾ ಬರೋಬರಿ ಐತಿ," ಅಂದೆ.

"ಹಂಗಾರ ನಿನ್ನ ಕಾಕಾಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ," ಎಂದಳು. "ಸೀರಿ ತಾವ ಎದ್ದ ಹೋದ್ವೇನು?"

ಅವಳನ್ನು ಊಟಕ್ಕೆ ಎಬ್ಬಿಸಿ ನಾನು ಯೋಚಿಸುತ್ತ ಕುಳಿತೆ. ನನ್ನ ಮನೆಯಲ್ಲಿ ಒಳ್ಳೆಯ ನೆಟ್ ಇದೆ. ಆ ಪುಟವನ್ನು ನಾನು ನೂರು ಸಲ ತೆರೆದಿದ್ದೇನೆ, ಹಾಗಾಗಿ ಅದರ ಚಿತ್ರಗಳೆಲ್ಲ ಮೊದಲೇ ನನ್ನ ಯಂತ್ರದಲ್ಲಿ ಕೂತಿರುತ್ತವೆ. ಹಳೆಯ ಫೋನು ಹಿಡಿದು, ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಕುಳಿತವರಿಗೆ ಅದೇ ಪುಟ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಒಂದು ಸಾಧನವಿದೆ ಎಂದು ಎಲ್ಲೋ ಓದಿದ್ದೆ, ಬಳಸಿರಲಿಲ್ಲ.

ಅದು ಹೀಗೆ ನಡೆಯುತ್ತದೆ. ಒಪ್ಪಿಗೆ ಕೊಟ್ಟವರ ಬ್ರೌಸರುಗಳು ತಾವು ತೆರೆದ ಪುಟಗಳು ಹೇಗೆ ನಡೆದುಕೊಂಡವು ಎಂದು, ಯಾರ ಹೆಸರೂ ಹೇಳದೆ, ಅಳತೆ ಕಳಿಸುತ್ತಿರುತ್ತವೆ. ಪುಟದ ಮುಖ್ಯ ಭಾಗ ಕಾಣಲು ಎಷ್ಟು ಹೊತ್ತಾಯಿತು, ಬೆರಳಿಟ್ಟ ಮೇಲೆ ಪುಟ ಎಷ್ಟು ಬೇಗ ಓಗೊಟ್ಟಿತು, ಓದುತ್ತಿರುವಾಗ ಪುಟ ಎಷ್ಟು ಅಲುಗಾಡಿತು, ಇಂಥವು. ಎಲ್ಲವೂ ಒಂದು ಕಡೆ ಸೇರುತ್ತವೆ. ಸೈಟಿನ ವಿಳಾಸ ಕೊಟ್ಟು ಕೇಳಿದರೆ ಕಳೆದ ನಾಲ್ಕು ವಾರಗಳ ಲೆಕ್ಕವನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತಂದುಕೊಡುತ್ತದೆ. ಹಸಿರು ಒಳ್ಳೆಯದು, ಕೆಂಪು ಕೆಟ್ಟದ್ದು.

ಚಿಗವ್ವ ಕೈ ತೊಳೆದುಕೊಂಡು ಬರುವ ಹೊತ್ತಿಗೆ ವಿಳಾಸ ಹಾಕಿ ಕೇಳಿದ್ದೆ. ಉತ್ತರ ಒಂದು ಸಾಲಿನದು. ಈ ಸೈಟಿನ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲ.

"ಏನಂತೈತಿ ಅದು?"

"ನಿಮ್ಮಲ್ಲಿಗೆ ಬರೋ ಮಂದಿ ಕಡಿಮಿ, ಲೆಕ್ಕಕ್ಕ ಸಾಲಂಗಿಲ್ಲ ಅಂತೈತಿ."

ಚಿಗವ್ವನ ಮುಖ ಕೆಂಪಾಯಿತು. ಸೀರೆ ತಪ್ಪಿ ಹೋದದ್ದಕ್ಕಿಂತ ಇದು ಅವಳಿಗೆ ಹೆಚ್ಚು ನಾಟಿತು. "ನಾವು ಲೆಕ್ಕಕ್ಕಿಲ್ಲಂತ? ಬೀಳಗಿ, ಮುಧೋಳ, ತೇರದಾಳ, ಎಲ್ಲಾ ಕಡೆಯಿಂದ ಮಂದಿ ತಗೋತಾರ. ಅದಕ್ಕ ಯಾರ ಹೇಳ್ಯಾರ ಹಂಗ?"

"ಯಾರೂ ಹೇಳಿಲ್ಲ ಚಿಗವ್ವಾ. ಬ್ಯಾರೆ ಬ್ಯಾರೆ ಮಂದಿ ಇನ್ನಷ್ಟು ಬಂದ್ರ ತಾನ ತೋರಸ್ತೈತಿ."

"ಹಂಗಾರ ಕರಕೊಂಡ ಬರ್ತೀನಿ ತಗೋ," ಎಂದು ಸಂಜೆ ಬಸ್ಸಿಗೆ ಹೊರಟಳು. ಅವಳು ಅಂದದ್ದನ್ನು ಮಾಡುವವಳು ಎಂದು ನನಗೆ ಗೊತ್ತಿತ್ತು. ಹೇಗೆ ಮಾಡುತ್ತಾಳೆಂದು ಗೊತ್ತಿರಲಿಲ್ಲ.

ಅಲ್ಲಿಯವರೆಗೆ ತಡೆಯೊಂದು ಬೇಕಿತ್ತು. ಯಾರೇ 'ಬೇಕು' ಒತ್ತಿದರೂ ಕಳಿಸುವ ಮೊದಲು ಫೋನು ಮಾಡಿ ಬಣ್ಣ ಕೇಳುವುದು ಎಂದು ಮಾತಾಯಿತು. ಫೋನು ಮಾಡುವ ಕೆಲಸಕ್ಕೆ ಕಾಕಾ ಬೇಕಾದರು. ಅವರು ಒಪ್ಪಿದರು, ಹೋಟೆಲಿನಲ್ಲಿ ಕುಳಿತೇ ಮಾಡಿದರು. "ಅವ್ವಾರ, ನೀವು ಕೇಳಿದ್ದು ಯಾವ ಬಣ್ಣರಿ? ನನ್ನ ಕಣ್ಣಿನ ಸಲುವಾಗಿ ಕೇಳಾಕತ್ತೇನಿ" ಎಂದು ಎಲ್ಲರೂ ಕೇಳುವಂತೆ ಗಟ್ಟಿಯಾಗಿ.

ದೀಪಾವಳಿ ಹತ್ತಿರ ಬಂತು. ಮುಧೋಳದಲ್ಲಿ ಚಿಗವ್ವನಿಗೆ ಗುರುತಿನ ಒಂದು ಮಹಿಳಾ ಸಂಘವಿತ್ತು. ಅವರ ವಾರ್ಷಿಕ ಕಾರ್ಯಕ್ರಮಕ್ಕೆ ಎಲ್ಲರೂ ಒಂದೇ ನಮೂನೆಯ ಸೀರೆ ಉಡಬೇಕೆಂದು ಮಾತನಾಡಿಕೊಂಡಿದ್ದರು. ಚಿಗವ್ವ ಅಲ್ಲಿಗೇ ಹೋಗಿ, ಅರಿಶಿಣ ಬಣ್ಣದ ಮೈ, ಕೆಂಪು ದಡಿಯ ಸೀರೆಗಳನ್ನು ಒಪ್ಪಿಸಿ ಬಂದಳು. ಕಾರ್ಯಕ್ರಮದ ದಿನ ಅವರೆಲ್ಲ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಫೋನಿನಿಂದ ಫೋನಿಗೆ ಹೋಯಿತು. ಅದರ ಕೆಳಗೆ ಅಂಗಡಿಯ ವಿಳಾಸ ಹಾಕಿಸಿದ್ದಳು ಚಿಗವ್ವ. ನನಗೇ ಆ ಫೋಟೊ ಐದಾರು ಕಡೆಯಿಂದ ಬಂತು. ಜಮಖಂಡಿಯ ನಮ್ಮ ಹಾಲಿನವಳು ಸಹ ತೋರಿಸಿ, "ಇಂಥಾವು ಎಲ್ಲಿ ಸಿಗತಾವರಿ?" ಎಂದು ಕೇಳಿದಳು.

ಆ ದಿನಗಳಲ್ಲಿ ನಾನು ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದು ದಿನಾ ಬೆಳಿಗ್ಗೆ ಆ ಸಾಧನವನ್ನು ತಾನೇ ಕೇಳಿ, ಬಂದ ಉತ್ತರವನ್ನು ಕನ್ನಡದಲ್ಲಿ ನನಗೆ, ಚಿಗವ್ವನಿಗೆ, ಕಾಕಾನಿಗೆ ಕಳಿಸುತ್ತಿತ್ತು. ಮೂವರ ಒಂದು ಗುಂಪು ಮಾಡಿದ್ದೆ. ಚಿಗವ್ವ ಮತ್ತು ಕಾಕಾ ಒಟ್ಟಿಗೆ ಕೂಡುತ್ತಿದ್ದದ್ದು ಆಗ ಆ ಗುಂಪಿನಲ್ಲಿ ಮಾತ್ರ. 'ಇಂದೂ ಸಾಕಷ್ಟು ಮಾಹಿತಿ ಇಲ್ಲ' ಎಂದು ಬಂದ ದಿನಗಳೇ ಹೆಚ್ಚು. ಚಿಗವ್ವ ಅದಕ್ಕೆ ಕೈಮುಗಿದ ಚಿತ್ರ ಹಾಕುತ್ತಿದ್ದಳು. ಕಾಕಾ ಏನೂ ಹಾಕುತ್ತಿರಲಿಲ್ಲ.

ಹಬ್ಬ ಮುಗಿದು, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದ ಒಂದು ಬೆಳಿಗ್ಗೆ ಉತ್ತರ ಬದಲಾಗಿತ್ತು. ಮೂರು ಸಾಲುಗಳಿದ್ದವು. ಪುಟ ಕಾಣುವುದು: ಕೆಂಪು. ಬೆರಳಿಗೆ ಓಗೊಡುವುದು: ಹಸಿರು. ಪುಟದ ಅಲುಗಾಟ: ಕೆಂಪು.

ನಾನು ಮಾಡಿದ ಪುಟ, ಅದಕ್ಕೆ ಎರಡು ಕೆಂಪು. ಚಿಗವ್ವನಿಗೆ ಹೇಗೆ ಹೇಳಲಿ ಎಂದುಕೊಳ್ಳುವಷ್ಟರಲ್ಲಿ ಅವಳ ಫೋನು ಬಂತು.

"ಬಂತಲ್ಲ ಬೇ."

"ಬಂತು ಚಿಗವ್ವಾ. ಆದ್ರ ಕೆಂಪ ಐತಿ."

"ಯಾವ ಬಣ್ಣರ ಇರಲಿ. ಮಂದಿ ಲೆಕ್ಕಕ್ಕ ಬಂದ್ರಿಲ್ಲೋ?"

ಬಂದಿದ್ದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಕೆಂಪು ಕಾಣಬೇಕಾದರೆ ಸಾಕಷ್ಟು ಜನ ಅವಳ ಅಂಗಡಿಯ ಬಾಗಿಲಿಗೆ ಬಂದು ನಿಂತಿರಬೇಕು. ಮಧ್ಯಾಹ್ನ ನಾನು ಬನಹಟ್ಟಿಗೆ ಹೋದಾಗ ಚಿಗವ್ವ ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ಮಗ್ಗದ ಶೆಡ್ಡಿನಲ್ಲಿ ಎಲ್ಲರಿಗೂ ಹಂಚುತ್ತಿದ್ದಳು. ಮಗ್ಗಗಳ ಸದ್ದಿನಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಏನು ವಿಶೇಷ ಎಂದು ಕೈಸನ್ನೆಯಲ್ಲೇ ಕೇಳಿದವರಿಗೆ ಅವಳು ಫೋನು ತೋರಿಸುತ್ತಿದ್ದಳು. ಅದರಲ್ಲಿ ಎರಡು ಕೆಂಪು, ಒಂದು ಹಸಿರು. ಅವರೂ ತಲೆದೂಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಾಕಾನ ಪಾಲನ್ನು ಒಂದು ಬಟ್ಟಲಿನಲ್ಲಿಟ್ಟು ನನ್ನ ಕೈಗೆ ಕೊಟ್ಟಳು. "ನೀ ಕೊಡು. ನಾ ಕೊಟ್ರ ತಿನ್ನಂಗಿಲ್ಲ."

ಕಾಕಾ ತಿಂದರು. ತಿನ್ನುತ್ತ ಕೇಳಿದರು. "ಅಲಗಾಟ ಅಂದ್ರ ಏನವಾ?"

"ಪುಟ ಬಂದ ಮ್ಯಾಲ ಅದರಾಗಿನ ಚಿತ್ರ ಮ್ಯಾಲಕ ಕೆಳಕ ಸರಿಯೂದು ಕಾಕಾ."

"ಯಾರ ಸರಸ್ತಾರ?"

ಅದೇ ನನಗೆ ತಿಳಿಯದೇ ಇದ್ದದ್ದು. ಸಾಧನ ಅಲುಗಾಟವಿದೆ ಎಂದು ಹೇಳುತ್ತದೆ, ಎಲ್ಲಿ ಮತ್ತು ಯಾಕೆ ಎಂದು ಹೇಳುವುದಿಲ್ಲ. ನನ್ನ ಯಂತ್ರದಲ್ಲಂತೂ ಪುಟ ಕಂಬದಂತೆ ನಿಲ್ಲುತ್ತಿತ್ತು. ತಪ್ಪು ಸೀರೆ ಬಂದವರ ಫೋನಿನಲ್ಲೇ ನೋಡಬೇಕು ಎನಿಸಿತು. ಬೀಳಗಿಯ ಶಿಕ್ಷಕಿ ಇನ್ನೂ ಬದಲಿ ತೆಗೆದುಕೊಂಡಿರಲಿಲ್ಲ, ಶಾಲೆಯ ಕೆಲಸದಲ್ಲಿ ಪುರಸೊತ್ತಿಲ್ಲ ಎನ್ನುತ್ತಿದ್ದರು. ಚಿಗವ್ವ ಗಿಳಿ ಹಸಿರು ಸೀರೆಯನ್ನು ನನ್ನ ಚೀಲಕ್ಕೆ ಹಾಕಿದಳು. "ಇದನ್ನ ಕೊಟ್ಟು ಆ ಬದ್ನಿಕಾಯಿ ಬಣ್ಣದ್ದನ್ನ ತಗೊಂಡ ಬಾ. ಅದಕ್ಕ ಮುಧೋಳದಾಗ ಗಿರಾಕಿ ಅದಾರ."

ಭಾನುವಾರ ಜಮಖಂಡಿಯಿಂದ ಬೀಳಗಿ ಬಸ್ಸು ಹಿಡಿದೆ. ಮುಂದೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ತೊನೆಯುತ್ತ ಹೋಗುತ್ತಿತ್ತು. ಡ್ರೈವರು ಹಾರ್ನು ಹೊಡೆದು ಹೊಡೆದು ಕೊನೆಗೆ ಅದೇ ಹಾಡಿಗೆ ಸ್ಟೇರಿಂಗಿನ ಮೇಲೆ ತಾಳ ಹಾಕತೊಡಗಿದ. ಇಳಿದು, ಕೇಳುತ್ತ ಹೋಗಿ ಶಿಕ್ಷಕಿಯ ಮನೆ ತಲುಪಿದಾಗ ಅವರೇ ಬಾಗಿಲು ತೆರೆದರು. ಐವತ್ತರ ಹತ್ತಿರದ ಹೆಣ್ಣುಮಗಳು, ನಗುಮುಖ. ಉಟ್ಟಿದ್ದದ್ದು ಬದನೆಕಾಯಿ ಬಣ್ಣದ ಸೀರೆ.

ನಾನು ಸೀರೆಯನ್ನೇ ನೋಡಿದೆ. ಅವರಿಗೂ ತಿಳಿಯಿತು.

"ಒಳಗ ಬರ್ರಿ, ಕುಂದರ್ರಿ. ಮೊದಲ ನಾ ಹೇಳಿಬಿಡ್ತೀನಿ. ಇದನ್ನ ತಿರಗಿ ಕೊಡಂಗಿಲ್ಲರಿ ನಾ."

"ನೀವು ಕೇಳಿದ್ದು ಹಸರದಲ್ಲರಿ?"

"ಹೌದ್ರಿ. ನನಗ ನಲವತ್ತ ವರ್ಷದಿಂದ ಹಸರ ಬಿಟ್ಟರ ಬ್ಯಾರೆ ಬಣ್ಣ ಗೊತ್ತಿಲ್ಲ. ಇದು ಬಂದಾಗ ಸಿಟ್ಟು ಬಂತು. ತಿರಗಿ ಕಳಸೂದು ಇದ್ದೇ ಐತಿ, ಒಂದ್ಸಲ ಉಟ್ಟು ನೋಡೂಣಂತ ಕನ್ನಡಿ ಮುಂದ ನಿಂತೆ. ನಿಂತಾಕಿ ನಾನಲ್ಲೇನೋ ಅನಸ್ತು. ಸಾಲಿಗೆ ಉಟಗೊಂಡ ಹೋದೆ. ನಮ್ಮ ಹೆಡ್‌ಮಾಸ್ತರ್ರು ಎಂದೂ ಹಿಂಗ ಮಾತಾಡೋರಲ್ಲ, ಅವರೂ 'ಏನ್ ಮೇಡಂ, ಇವತ್ತು ಮನ್ಯಾಗ ಕಾರ್ಯಕ್ರಮ ಐತೇನು' ಅಂದ್ರು. ಫೋನ್ ಬಂದಾಗೆಲ್ಲ ಪುರಸೊತ್ತಿಲ್ಲ ಅಂತ ಸುಳ್ಳ ಹೇಳಾಕತ್ತಿದ್ದೆ."

ಚೀಲದಿಂದ ಹಸಿರು ಸೀರೆ ತೆಗೆದು ಇಟ್ಟೆ. ಅದನ್ನೂ ಕೈಯಲ್ಲಿ ಹಿಡಿದು, ಬೆರಳಿನಿಂದ ದಡಿ ತಿರುವಿ ನೋಡಿ, "ಇದೂ ಇರಲಿ ಬಿಡ್ರಿ" ಎಂದು ಒಳಗೆ ಇಟ್ಟು, ಅದರ ದುಡ್ಡು ಹಿಡಿದು ಬಂದರು.

ಚಹಾ ಆದ ಮೇಲೆ ನಾನು ಬಂದ ಕೆಲಸ ಹೇಳಿದೆ. ನೀವು ಆ ದಿನ ಹೇಗೆ ಒತ್ತಿದಿರಿ, ನನ್ನ ಮುಂದೆ ಮತ್ತೊಮ್ಮೆ ಒತ್ತಿ ತೋರಿಸುತ್ತೀರಾ ಎಂದು ಕೇಳಿದೆ. "ಇಲ್ಲಿ ನೆಟ್ ಬರಂಗಿಲ್ಲರಿ, ಮಾಳಿಗಿ ಮ್ಯಾಲ ಬರ್ರಿ" ಎಂದು ಮೆಟ್ಟಿಲು ಹತ್ತಿಸಿದರು. ಮಾಳಿಗೆಯ ತುಂಬ ಶೇಂಗಾ ಒಣಹಾಕಿದ್ದರು. ಒಂದು ಮೂಲೆಯಲ್ಲಿ ಚಾಪೆ ಇತ್ತು. ಆ ಮೂಲೆಯಲ್ಲಿ ಮಾತ್ರ ಸಿಗ್ನಲ್ ನಿಲ್ಲುತ್ತದಂತೆ. ಇಬ್ಬರೂ ಅಲ್ಲಿ ಕುಳಿತೆವು. ಅವರ ಫೋನು ಹಳೆಯದು, ಗಾಜು ಒಂದು ಕಡೆ ಸೀಳಿತ್ತು.

ಪುಟ ತೆರೆದರು. ಮೊದಲು ಅಂಗಡಿಯ ಹೆಸರು ಬಂತು. ಆಮೇಲೆ ಒಂದೊಂದಾಗಿ ಸೀರೆಗಳ ಚಿಕ್ಕ ಚಿತ್ರಗಳು ಬಂದವು, ಎರಡೆರಡರ ಸಾಲಿನಲ್ಲಿ. ಎಲ್ಲ ಬಂದು ಪುಟ ಸುಮ್ಮನಾಯಿತು. ಯಾರು ನೋಡಿದರೂ ಪುಟ ಪೂರ್ತಿ ಬಂತು ಎಂದೇ ತಿಳಿಯಬೇಕು.

"ನೋಡ್ರಿ, ಇದ ಹಸರ ಸೀರಿ. ಇದರ ಕೆಳಗ 'ಬೇಕು' ಅಂತ ಐತಿ. ನಾ ಹಿಂಗ ಬಟ್ಟ ಇಟ್ಟೆ," ಎಂದು ಅವರು ಬೆರಳು ತಂದರು. ಬೆರಳು ಇನ್ನೇನು ತಗುಲಬೇಕು, ಅಷ್ಟರಲ್ಲಿ ಪುಟದ ನೆತ್ತಿಯ ಮೇಲೆ ಏನೋ ದೊಡ್ಡದು ಬಂದು ಕುಳಿತು ಸೀರೆಗಳೆಲ್ಲ ಒಂದು ಸಾಲು ಕೆಳಕ್ಕೆ ಜಾರಿದವು. ಹಸಿರು ಸೀರೆ ಇದ್ದ ಜಾಗಕ್ಕೆ ಅದರ ಮೇಲಿನ ಸಾಲಿನ ಬದನೆಕಾಯಿ ಬಣ್ಣದ ಸೀರೆ ಬಂದಿತ್ತು. ಅವರ ಬೆರಳು ಅದರ 'ಬೇಕು' ಗುಂಡಿಯ ಮೇಲಿತ್ತು. ಬುಟ್ಟಿಯಲ್ಲಿ ಒಂದು ನಂಬರು ಬಿತ್ತು. ನಂಬರು ನೋಡಿ ಬಣ್ಣ ಹೇಳಲು ಯಾರಿಗೆ ಬರುತ್ತದೆ?

ನಾನು ಶೇಂಗಾದ ಮೇಲೆ ಕೈಯೂರಿ ನಕ್ಕುಬಿಟ್ಟೆ. ಅವರು ಗಾಬರಿಯಾದರು. "ನಂದ ತಪ್ಪಾತೇನ್ರಿ?"

"ಇಲ್ರಿ ಟೀಚರ್. ನಿಮ್ಮ ಬಟ್ಟ ಬರೋಬರಿ ಜಾಗಕ್ಕ ಹೋಗಿತ್ತು. ಜಾಗಾನ ಜಾರೇತಿ."

"ಹಂಗಾರ ನನಗ ಈ ಸೀರಿ ಕೊಟ್ಟದ್ದ ಯಾರು?"

ನಾನು ಫೋನಿನಲ್ಲಿ ಪುಟದ ನೆತ್ತಿಗೆ ಹೋಗಿ ತೋರಿಸಿದೆ. ಅಲ್ಲಿ ಕಾಕಾ ಮತ್ತು ಚಿಗವ್ವ ಮಗ್ಗದ ಮುಂದೆ ನಿಂತಿದ್ದರು. ಕಾಕಾ ಬಿಳಿ ಅಂಗಿ, ಗಾಂಧಿ ಟೋಪಿ. ಚಿಗವ್ವ ತಲೆಯ ಮೇಲೆ ಸೆರಗು.

ಆ ಫೋಟೊದ ಕತೆ ನನಗೆ ಗೊತ್ತಿತ್ತು. ಶ್ರಾವಣದಲ್ಲಿ ಕಾಕಾ ರಬಕವಿಯಿಂದ ಒಬ್ಬ ಫೋಟೊಗ್ರಾಫರನನ್ನು ಕರೆಸಿ ತೆಗೆಸಿದ್ದು ಅದು. ಹೊಸ ಸೀರೆಯ ಚಿತ್ರ ಹಾಕುವುದನ್ನು ನಾನೇ ಅವರಿಗೆ ಕಲಿಸಿದ್ದೆ. ಅದೇ ದಾರಿಯಿಂದ ಕಾಕಾ ಆ ಫೋಟೊವನ್ನೂ ಏರಿಸಿ, ಪುಟದ ನೆತ್ತಿಯ ಮೇಲೆ ಕೂಡಿಸಿ, ನನಗೆ ಫೋನು ಮಾಡಿ ಹೇಳಿದ್ದರು. ಗೋಡೆಗೆ ಹಾಕುವಷ್ಟು ದೊಡ್ಡ ಫೋಟೊ ಅದು. ನನ್ನ ಮನೆಯಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಬರುತ್ತಿತ್ತು. ಬೀಳಗಿಯ ಮಾಳಿಗೆಯ ಮೂಲೆಗೆ ಅದು ತೆವಳುತ್ತ ಬರುತ್ತಿತ್ತು, ಬಂದ ಮೇಲೆ ಎಲ್ಲರನ್ನೂ ಕೆಳಗೆ ತಳ್ಳಿ ಕೂರುತ್ತಿತ್ತು. ಕಾಕಾ ಸೀರೆ ಕಟ್ಟಿದ್ದು ಸರಿಯೇ ಇತ್ತು. ಸೀರೆ ಬದಲಿಸಿದ್ದು ಅವರ ಫೋಟೊ.

ಶಿಕ್ಷಕಿ ಫೋಟೊ ನೋಡುತ್ತ, "ತಗೀಬ್ಯಾಡ್ರಿ ಇದನ್ನ," ಎಂದರು. "ಒತ್ತಿದ ಮ್ಯಾಲ ನಾ ವಿಳಾಸ ಬರದ ಕಳಿಸಿದ್ದ ಈ ಫೋಟೊ ನೋಡಿ. ಮಗ್ಗದ ಮುಂದ ನಿಂತಾರ, ಇವರು ನೇಯೋ ಮಂದಿನ ಅದಾರಂತ ಅನಸ್ತು. ಫೋನಿನ್ಯಾಗ ಯಾರ್ಯಾರೋ ಮಾರತಾರ, ಯಾರನ್ನ ನಂಬೂದ್ರಿ?"

ಹೊರಡುವಾಗ ಒಂದು ಚೀಲ ಹಸಿ ಶೇಂಗಾ ಕೊಟ್ಟರು. ನಾನು ಬೀಳಗಿಯಿಂದ ನೇರ ಬನಹಟ್ಟಿಗೆ ಹೋದೆ. ಸಂಜೆಯ ಹೊತ್ತು. ಚಿಗವ್ವ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ಇಬ್ಬರನ್ನೂ ಒಂದೇ ಕಡೆ ಕರೆದು ನಡೆದದ್ದನ್ನೆಲ್ಲ ಹೇಳಿದೆ. ಕಾಕಾನ ಕಣ್ಣಿಗೆ ಏನೂ ಆಗಿಲ್ಲ ಎಂಬಲ್ಲಿಗೆ ಬಂದಾಗ ಅವರು ಟೋಪಿ ಸರಿಮಾಡಿಕೊಂಡು ಚಿಗವ್ವನ ಕಡೆ ನೋಡಿದರು. ಫೋಟೊದ ಮಾತು ಬಂದಾಗ ಚಿಗವ್ವ ಅವರ ಕಡೆ ನೋಡಿದಳು.

"ನಾ ಕಟ್ಟಿದ್ದು ಬರೋಬರಿ ಇತ್ತಿಲ್ಲೋ?" ಎಂದರು ಕಾಕಾ.

"ಕಟ್ಟಿದ್ದು ಬರೋಬರಿ ಇತ್ತು. ನಿಂತದ್ದು ಅಡ್ಡ ಇತ್ತು," ಎಂದಳು ಚಿಗವ್ವ.

"ಬಾಜೂಕ ನೀನೂ ನಿಂತಿದ್ದಿ."

ಮೊದಲು ನಕ್ಕದ್ದು ಚಿಗವ್ವ. ಕಾಕಾಗೆ ನಗು ತಡವಾಗಿ ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ಕೆಮ್ಮು ಬರುವವರೆಗೆ ನಕ್ಕರು. ಚಿಗವ್ವ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವವಳಲ್ಲ. ಒಳಗೆ ಹೋಗಿ ಚಹಾ ಇಟ್ಟಳು, ಅವರ ಮುಂದೆ ತಂದಿಟ್ಟಳು. ಅವರು ಕುಡಿದು, "ಹೋಟೆಲಿನ ಚಾದಾಗ ಏಲಕ್ಕಿ ಇರತೈತಿ" ಎಂದರು. ಮರುದಿನ ಅವಳು ಹಬ್ಬದ ಸಿಹಿಯಾದ ಮಾದಲಿ ಮಾಡಿದಳಂತೆ, ಹಬ್ಬವಿಲ್ಲದ ದಿನ.

"ಫೋಟೊ ತಗದ ಹಾಕು," ಎಂದು ಆ ಸಂಜೆ ಕಾಕಾ ತಾವಾಗಿಯೇ ಹೇಳಿದ್ದರು. ಶಿಕ್ಷಕಿಯ ಮಾತು ಹೇಳಿದೆ. ಚಿಗವ್ವನಿಗೂ ತೆಗೆಯುವ ಮನಸ್ಸಿರಲಿಲ್ಲ. ಅಲ್ಲೇ ಕುಳಿತು ಫೋಟೊದ ತೂಕ ಇಳಿಸಿದೆ, ನೋಟ ಕೆಡದಂತೆ. ಅದು ಬರುವ ಮೊದಲೇ ಅದರಷ್ಟು ಜಾಗವನ್ನು ಪುಟದ ನೆತ್ತಿಯಲ್ಲಿ ಖಾಲಿ ಬಿಡುವಂತೆ ಬರೆದೆ. ಫೋಟೊ ತಡವಾಗಿ ಬಂದರೂ ತನ್ನ ಜಾಗದಲ್ಲಿ ತಾನು ಕೂರುತ್ತದೆ, ಯಾರನ್ನೂ ತಳ್ಳುವುದಿಲ್ಲ. ಬುಟ್ಟಿಯಲ್ಲಿ ನಂಬರಿನ ಜೊತೆ ಸೀರೆಯ ಚಿತ್ರವನ್ನೂ, ಬಣ್ಣದ ಹೆಸರನ್ನೂ ಹಾಕಿದೆ. ಕೆಲಸ ತಾಸಿನೊಳಗೆ ಮುಗಿಯಿತು. ಶಿಕ್ಷಕಿಗೆ ಫೋನು ಮಾಡಿ ಮಾಳಿಗೆ ಹತ್ತಿಸಿ ನೋಡಿಸಿದೆ. "ಈಗ ಅಲಗಾಡವಲ್ದರಿ" ಎಂದರು.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಮತ್ತೆ ಎರಡು ಕೆಂಪು. ಚಿಗವ್ವನ ಫೋನು ಬಂತು.

"ನಿನ್ನೆ ರಿಪೇರಿ ಮಾಡಿದಿ. ಇನ್ನೂ ಕೆಂಪ ಯಾಕೈತಿ?"

"ಅದರಾಗ ಹಿಂದಿನ ನಾಲ್ಕ ವಾರದ ಮಂದಿ ಸೇರಿರ್ತಾರ ಚಿಗವ್ವಾ. ಹಳೇ ಮಂದಿ ಒಂದೊಂದ ದಿನ ಹೊರಗ ಹೋಗಿ ಹೊಸ ಮಂದಿ ಒಳಗ ಬರಬೇಕು. ಹೊತ್ತ ಹಿಡಿತೈತಿ."

ಅವಳಿಗೆ ಕಾಯುವುದು ಆಗದ ಕೆಲಸ. ದಿನಾ ಕೇಳುತ್ತಿದ್ದಳು. ಕಾಕಾ ಮಾತ್ರ ಈಗ ಗುಂಪಿನಲ್ಲಿ ಮಾತನಾಡತೊಡಗಿದ್ದರು. ಬಣ್ಣದ ಪಕ್ಕದ ಅಂಕಿ ಸ್ವಲ್ಪ ಇಳಿದರೂ ಅದನ್ನು ಮೊದಲು ಗಮನಿಸುವವರು ಅವರೇ. 'ಇಂದು ಅಲುಗಾಟ ಕಡಿಮೆಯಾಗಿದೆ' ಎಂದು ವಾರ್ತೆ ಓದುವವರ ಭಾಷೆಯಲ್ಲಿ ಬರೆಯುತ್ತಿದ್ದರು. ಒಂದು ದಿನ ಅಲುಗಾಟ ಹಳದಿಯಾಯಿತು. ಆಮೇಲೆ ಒಂದು ಬೆಳಿಗ್ಗೆ, ಗಂಡ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಾಗ, ನನ್ನ ಫೋನು ಟಿಂಗ್ ಎಂದಿತು. ಅಲುಗಾಟ: ಹಸಿರು. ಪುಟ ಕಾಣುವುದು ಕೆಂಪಿನಿಂದ ಹಳದಿಗೆ ಬಂದು ನಿಂತಿತ್ತು, ಅದು ಇಂದಿಗೂ ಹಸಿರಿಗೆ ಒಮ್ಮೆ ಹೋಗುತ್ತದೆ, ಒಮ್ಮೆ ಬರುತ್ತದೆ. ನಮ್ಮ ಕಡೆಯ ಸಿಗ್ನಲ್ಲೇ ಹಾಗೆ. ಗಂಡ ನನ್ನ ಮುಖ ನೋಡಿ, "ಏನು, ಲಾಟರಿ ಹತ್ತೇನು?" ಎಂದು ಕೇಳಿದ. ನಾನು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಛಲೋ ಆತಲ್ಲ" ಎಂದ. ಅವನಿಗೆ ಏನೂ ತಿಳಿದಿರಲಿಲ್ಲ, ಆದರೂ ಅವನ ಆ ಮಾತು ಕೇಳಿ ಹಿಗ್ಗಾಯಿತು.

ಸುದ್ದಿ ಹರಡಿತು. ತೇರದಾಳದ ಆ ಜೈನರ ಮನೆಯವರದು ಅರಿಶಿಣದ ವ್ಯಾಪಾರ. ತಮ್ಮ ಸೈಟಿಗೂ ಇಂಥದೇ ನೋಡಿಕೊಡಿರೆಂದು ಕೇಳಿದರು. ಅವರ ಪುಟಕ್ಕೆ ಮಾಹಿತಿ ಸಾಕಷ್ಟಿರಲಿಲ್ಲ. ಅದಕ್ಕೆ, ಬಂದವರ ಫೋನಿನಲ್ಲಿ ಪುಟ ಹೇಗೆ ನಡೆದುಕೊಂಡಿತು ಎಂದು ಅಲ್ಲಿಯೇ ಅಳೆದಿಡುವ ನಾಲ್ಕು ಸಾಲು ಬರೆದುಕೊಟ್ಟೆ. ಈಗ ಹೊಸ ಸೈಟು ಮಾಡಿದಾಗೆಲ್ಲ ಮೊದಲ ದಿನದಿಂದಲೇ ಅದನ್ನು ಹಾಕುತ್ತೇನೆ. ಮತ್ತೆ, ಮುಗಿಯಿತು ಎನ್ನುವ ಮೊದಲು ಯಾವುದಾದರೂ ಹಳೆಯ ಫೋನು ಹಿಡಿದು ಊರ ಹೊರಗೆ ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ.

ಮಾಘದಲ್ಲಿ ಮುಧೋಳಕ್ಕೆ ಒಂದು ಮದುವೆಗೆ ಹೋಗಿದ್ದೆವು, ಚಿಗವ್ವ, ಕಾಕಾ, ನಾನು. ಅಕ್ಷತೆ ಮುಗಿದು ಎಲ್ಲರೂ ಊಟದ ಪಂಕ್ತಿಗೆ ಕಾಯುತ್ತ ಕುಳಿತಿದ್ದಾಗ ಚಿಗವ್ವ ಕಾಣಲಿಲ್ಲ. ಹುಡುಕಿದರೆ, ಮಂಟಪದ ಹಿಂದಿನ ಸಾಲಿನಲ್ಲಿ ರನ್ನ ಬೆಳಗಲಿಯಿಂದ ಬಂದಿದ್ದ ಗುರುತಿಲ್ಲದ ಒಬ್ಬ ಅಜ್ಜಿಯ ಪಕ್ಕ ಕುಳಿತಿದ್ದಳು. ಅಜ್ಜಿಯ ಕೈಯಲ್ಲಿ ಅವರ ಸೊಸೆಯ ಫೋನು ಇತ್ತು, ಫೋನಿನಲ್ಲಿ ಅಂಗಡಿಯ ಪುಟ.

"ಒತ್ತಲೇನವಾ?" ಎಂದು ಅಜ್ಜಿ ಕೇಳಿದರು.

"ಒತ್ತರಿ ಯವ್ವಾ, ಯಾವದ ಬೇಕೋ ಅದನ್ನ ಒತ್ತರಿ. ಏನೂ ಸರಿಯಂಗಿಲ್ಲ."

ಅಜ್ಜಿ ಒಂದೊಂದೇ ಸೀರೆ ನೋಡುತ್ತ ಕೆಳಗೆ ಹೋದರು, ಮತ್ತೆ ಮೇಲೆ ಬಂದರು. ಯಾವುದನ್ನೂ ಒತ್ತಲಿಲ್ಲ. ಕೊನೆಗೆ ಚಿಗವ್ವ ಉಟ್ಟಿದ್ದ ಸೀರೆಯ ಸೆರಗನ್ನೇ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. "ಇಂಥಾದ್ದ ಐತೇನು ಇದರಾಗ?"

ಅದು ಚಿಗವ್ವ ಸ್ವಂತಕ್ಕೆಂದು ನೇಯಿಸಿಕೊಂಡ ಸೀರೆ, ಪುಟದಲ್ಲಿ ಇರಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಫೋನು ತೆಗೆದು, ಅವಳ ಸೆರಗನ್ನು ಬೆಳಕಿಗೆ ಹಿಡಿಸಿ, ಒಂದು ಫೋಟೊ ತೆಗೆದೆ. ಅಷ್ಟರಲ್ಲಿ ಪಂಕ್ತಿಗೆ ಕರೆದರು. ಎಲ್ಲರೂ ಎದ್ದೆವು. ಅಜ್ಜಿ ಮಾತ್ರ ಚಿಗವ್ವನ ಸೆರಗು ಬಿಡದೆ, ಊಟದವರೆಗೂ ಹಾಗೆಯೇ ಹಿಡಿದುಕೊಂಡು ಬಂದರು.